ಮೂವತ್ತನಾಲ್ಕರ ಮುದಿಕಿವಿ

ಫೆಬ್ರವರಿ 3

ಕಿವಿ ಟೆಸ್ಟಿಗೆ ಇವತ್ತೂ ಲ್ಯಾಬಿಗೆ ಬಂದವರು ಬಾಟಲಿ ಕಾರ್ಖಾನೆಯ ಹೆಂಗಸರೇ. ಒಬ್ಬೊಬ್ಬರನ್ನಾಗಿ ಶಬ್ದ ಹೊಗದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ‘ಕೇಳಿಸಿದಾಗ ಬಟನ್ ಒತ್ತಿ’ ಎನ್ನುವುದು. ಕೋಣೆ ಕಟ್ಟಿಸಿಕೊಟ್ಟಿದ್ದು ಆ ಕಾರ್ಖಾನೆಯ ಕಂಪನಿಯೇ. ನನ್ನ ಪಿಎಚ್‌ಡಿ ಫೆಲೋಶಿಪ್ಪೂ ಅವರದ್ದೇ. ಬಾಗಿಲ ಮೇಲೆ ಅವರ ಹೆಸರು — ನನ್ನ ತಲೆಗಿಂತ ದೊಡ್ಡ ಅಕ್ಷರ.

ಕೊನೆಗೆ ಅಕ್ಕ. ಅವಳಿಗೂ ಅಲ್ಲೇ ಕೆಲಸ, ಬಾಟಲಿ ತೊಳೆಯುವ ಮೆಷಿನ್ ಪಕ್ಕ. ಸಣ್ಣ ಕೀರಲು ಶಬ್ದ ಕೊಟ್ಟೆ. ಒತ್ತಲಿಲ್ಲ. ಜೋರು ಮಾಡಿದೆ. ಊಹೂಂ. ಗಾಜಿನಾಚೆಯಿಂದ ನನ್ನನ್ನೇ ನೋಡಿ ನಗುತ್ತಿದ್ದಳು — ‘ಶುರು ಮಾಡೇ!’

ಫೆಬ್ರವರಿ 19

ಗೈಡ್ ಕರೆಸಿದರು. ಅವರ ರೂಮಿನಲ್ಲಿ ಕಂಪನಿಯ ದಾನದ ವಿಭಾಗದವನು, ಕಾಲ ಮೇಲೆ ಕಾಲು ಹಾಕಿಕೊಂಡು.

‘ಕಿವಿ ಟೆಸ್ಟಿನ ಪೇಪರ್ ಚೆನ್ನಾಗಿದೆ ಮೇಡಂ. ಒಂದೇ ಒಂದು ಬದಲಾವಣೆ. ಮೆಷಿನ್ ಸದ್ದು ಅಂತಿರೋ ಕಡೆ ವಯಸ್ಸಿನ ಕಾರಣ ಅಂತ ಹಾಕ್ಬಿಡಿ.’

‘ನಮ್ಮಕ್ಕನಿಗೆ ಮೂವತ್ತನಾಲ್ಕು ವರ್ಷ ಸರ್.’

‘ಕೆಲವರಿಗೆ ಬೇಗ ವಯಸ್ಸಾಗತ್ತೆ.’

ಗೈಡ್ ಕಡೆ ನೋಡಿದೆ. ಜೀವಮಾನವೆಲ್ಲ ಕಿವಿಯ ಪಾಠ ಹೇಳಿದ ಮನುಷ್ಯ... ಏನೂ ಕೇಳಿಸದವರ ಹಾಗೆ ಕಿಟಕಿ ನೋಡುತ್ತ ಕೂತಿದ್ದರು.

ಆಮೇಲೆ ಕಾರಿಡಾರಿನಲ್ಲಿ ಮೆಲ್ಲಗೆ: ‘ನಿನ್ನ ಜೂನಿಯರ್ಸ್ ಫೆಲೋಶಿಪ್ಪೂ ಇವರ ದುಡ್ಡಲ್ಲೇ ನಡೀತಿರೋದಮ್ಮ. ಸ್ವಲ್ಪ ಯೋಚನೆ ಮಾಡು.’

ಥೂ.

ಫೆಬ್ರವರಿ 20

ಅಕ್ಕನಿಗೆ ಹೇಳಿದೆ. ಬೈದಳು — ನನಗೇ! ‘ನನ್ನ ಕಿವಿ ಇಟ್ಕೊಂಡು ನೀನು ಹೀರೋಯಿನ್ ಆಗ್ಬೇಡ. ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?’

‘ಹಾಗಾದ್ರೆ ಸುಮ್ನಿರ್ಲಾ?’

‘ಏನಂದೆ?’

ಕೂಗಿ ಹೇಳಿದೆ. ಮುಖ ತಿರುಗಿಸಿ ಎದ್ದು ಹೋದಳು. ಈ ಸಲ ಕೇಳಿಸಿತ್ತು.

ಮಾರ್ಚ್ 14

ಫೆಲೋಶಿಪ್ ಸಮಾರಂಭ. ಕಾರ್ಖಾನೆಯ ಹೆಂಗಸರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು, ಚಪ್ಪಾಳೆಗೆ. ಅಕ್ಕನೂ ಇದ್ದಳು. ಕಂಪನಿಯ ಡೈರೆಕ್ಟರು ‘ಸತ್ಯದ ಹುಡುಕಾಟಕ್ಕೆ ನಮ್ಮದೊಂದು ಅಳಿಲು ಸೇವೆ’ ಎಂದರು. ಅಳಿಲಂತೆ, ಅಳಿಲು!

ನನ್ನ ಸರದಿ. ಪೇಪರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ. ‘ಮೆಷಿನ್ ಸದ್ದಿನಿಂದ’ ಅನ್ನುವಷ್ಟರಲ್ಲಿ ಮೈಕ್ ಸತ್ತಿತು. ಗಂಟಲು ಹರಿಯುವಂತೆ ಕೂಗಿದೆ. ಮುಂದಿನ ಸಾಲಿನವರಿಗೆ ಕೇಳಿಸಿತು, ತಲೆ ತಗ್ಗಿಸಿದರು. ಯಾರಿಗೆ ಕೇಳಿಸಬೇಕಿತ್ತೋ ಅವರಿಗೇ ಇಲ್ಲ. ವೇದಿಕೆ ಇಳಿದು ಹಿಂದಕ್ಕೆ ಹೋದೆ. ಅವರೆದುರು ನಿಂತು, ತುಟಿ ಕಾಣುವ ಹಾಗೆ, ನಿಧಾನವಾಗಿ — ‘ನಿಮಗೆ ವಯಸ್ಸಾಗಿಲ್ಲ. ಮೆಷಿನ್ ಸದ್ದು ನಿಮ್ಮ ಕಿವಿ ತಿಂದಿದೆ.’

ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಪಕ್ಕದವಳ ಕಿವಿಗೆ ಬಾಯಿಟ್ಟು, ಅದನ್ನೇ ಕೂಗಿ ಹೇಳಿದಳು.

ಮಾರ್ಚ್ 17

ಫೆಲೋಶಿಪ್ ನಿಲ್ಲಿಸಿದ್ದಾರೆ. ಲ್ಯಾಬಿಗೆ ಬೀಗ. ನನ್ನ ಪುಸ್ತಕ ತರಲು ಹೋದರೆ ಕಾರಿಡಾರ್ ತುಂಬ ಹೆಂಗಸರು — ಶಿಫ್ಟ್ ಮುಗಿಸಿ, ಯೂನಿಫಾರಂನಲ್ಲೇ. ಎಲ್ಲರಿಗಿಂತ ಮುಂದೆ ಅಕ್ಕ. ಟೆಸ್ಟ್ ಮಾಡಿ ರಿಪೋರ್ಟು ನಮ್ಮ ಕೈಗೇ ಕೊಡಿ, ಅಂತ.

ಗೈಡ್ ಬಂದರು. ಬೀಗದ ಕೈ ಅವರ ಜೇಬಿನಲ್ಲೇ. ನೆಲ ನೋಡುತ್ತ ಏನೋ ಗೊಣಗಿದರು.

‘ಮುಖ ಎತ್ತಿ ಹೇಳಿ ಸರ್,’ ಎಂದಳು ಅಕ್ಕ. ‘ನಮಗೆ ಕೇಳಿಸಲ್ಲ.’

ಗೈಡ್ ಮುಖ ಎತ್ತಿದರು. ಜೇಬಿಗೆ ಕೈ ಹಾಕಿದರು.