ಅರಳಸುರಳಿಯವಳು

3-11-63, ಬೆಳಿಗ್ಗೆ

ಫೇರ್ ಕಾಪಿ ಮುಗೀತು. ಏಳು ತಲೆಮಾರು, ನಾಲ್ಕು ನೋಟ್‌ಬುಕ್. ಹತ್ತು ವರ್ಷದ ಭಾನುವಾರಗಳೆಲ್ಲ ಇದಕ್ಕೇ ಹೋದವು. ಗೇಣಿ ಮಾಡಿದ ಮನೆತನ, ಒಡೆಯರ ಕಡತ ಬಿಟ್ಟರೆ ಎಲ್ಲೂ ನಮ್ಮ ಹೆಸರಿಲ್ಲ. ಈಗ ಊರೂ ಅಣೆಕಟ್ಟಿನ ಮುಳುಗಡೆಗೆ. ಅರ್ಧ ಜನ ಆಗಲೇ ಲಾರಿ ಹತ್ತಿ ಹೋದರು. ಇದನ್ನಾದರೂ ಸಾಗರದ ಲೈಬ್ರರಿಗೆ ಕೊಟ್ಟುಬಿಡಬೇಕು.

9-11-63, ಶನಿವಾರ

ಸ್ಕೂಲ್ ಬಿಟ್ಟವನೇ ಹೊಸನಗರದಲ್ಲಿ ಬಸ್ಸು ಹಿಡಿದೆ. ಸಾಗರದವರೆಗೂ ನಿಂತೇ. ಲೈಬ್ರರಿಯ ಹೇರಂಬ ಭಟ್ಟರು ಕನ್ನಡಕ ಏರಿಸಿ ಪುಟ ತಿರುವಿದರು.

"ಇದೆಂತದು ಮೇಷ್ಟ್ರೇ, ವಂಶಾವಳಿಯೋ, ಬಸ್ ರೂಟೋ?"

ಮೈಯೆಲ್ಲ ಉರೀತು. ನೋಡಿದರೆ ಹೌದು! ಕೆರಿಯಪ್ಪನ ಹೆಂಡತಿ — ಕೋಗಾರಿನವಳು. ಭೂತಪ್ಪನ ಹೆಂಡತಿ — ಬ್ಯಾಕೋಡಿನವಳು. ಅಪ್ಪ ಮಾಸ್ತಪ್ಪ, ಅವನ ಹೆಂಡತಿ — ಅರಳಸುರಳಿಯವಳು. ನಮ್ಮಲ್ಲಿ ಬಂದ ಸೊಸೇನ ತವರೂರು ಹಿಡಿದೇ ಕರೆಯೋದು. ಅಪ್ಪನ ಅಕ್ಕ ದುಗ್ಗತ್ತೆ ಹೇಳಿದ ಹಾಗೇ ಬರ್ಕೊಂಡೆ. ತಪ್ಪು ಅಂತ ಹೊಳೆಯಲೇ ಇಲ್ಲ. ನಾನೆಂಥಾ ಮೇಷ್ಟ್ರು!

"ಹೆಂಗಸರ ಹೆಸರು ತುಂಬಿಸಿ ತನ್ನಿ, ಖಂಡಿತ ತಗೋತೀನಿ" ಅಂದರು. ಹೇಳೋದು ಸುಲಭ... ದುಗ್ಗತ್ತೆ ಹೋದ ತಿಂಗಳೇ ಲಾರಿ ಹತ್ತಿಯಾಯ್ತು. ಎಲ್ಲಿ ಇಳಿಸಿದರೋ.

12-11

ಮುಳುಗಡೆ ಆಫೀಸಲ್ಲಿ ಅತ್ತೆ ವಿಳಾಸ ಕೇಳಿದೆ. ನಾಳೆ ಬನ್ನಿ.

14-11

ಮತ್ತೆ ನಾಳೆ. ಥೂ!

1-12-63, ಸಂಜೆ

ಅಂತೂ ಸಿಕ್ಕಳು. ತೀರ್ಥಹಳ್ಳಿ ದಾಟಿ, ಕಾಡಂಚಲ್ಲಿ ಸೋಗೆ ಗುಡಿಸಲು. ಕಂಡಿದ್ದೇ ಬೈಗುಳ.

"ಹತ್ತು ವರ್ಷ ನನ್ ತಲೆ ತಿಂದ್ಯಲ್ಲೋ ಬೆಳ್ಳಪ್ಪ, ಒಂದಿನಾದ್ರೂ ಹೆಂಗಸ್ರ ಹೆಸ್ರು ಕೇಳಿದ್ಯಾ?"

ಕೇಳಿರಲಿಲ್ಲ. ತಲೆ ತಗ್ಗಿಸಿ ಬರೆದೆ. ಕೋಗಾರಿನವಳು ರಂಗಮ್ಮ. ಬ್ಯಾಕೋಡಿನವಳು ಕೆರಿಯಮ್ಮ. ಪಟಪಟ ಹೇಳಿದಳು. ಕೊನೆಗೆ, ಅರಳಸುರಳಿಯವಳು? ಅಂದೆ.

"ಎರಡೇ ವರ್ಷ ಬಾಳಿದ್ಲು ಕಣೋ ನಿನ್ನವ್ವ. ನಿನ್ನ ಹೆತ್ತು ಹೋದ್ಲು. ತವರಿನೋರು ಆಮೇಲೆ ಈ ಕಡೆ ಬರ್ಲೇ ಇಲ್ಲ. ಅರಳಸುರಳಿಯೋಳೇ ಅಂತ್ಲೇ ಕರ್ದಿದ್ದು... ಹೆಸ್ರು ನಂಗೂ ಗೊತ್ತಿಲ್ಲ ಮಗ, ಕೇಳಕ್ಕೆ ನಿಮ್ಮಪ್ಪನೂ ಇಲ್ಲ."

ನನಗೀಗ ನಲವತ್ತೊಂದು. ಏಳು ತಲೆಮಾರಿನ ಗಂಡಸರು ಬಾಯಿಪಾಠ. ಅವ್ವನ ಹೆಸರು ಕೇಳಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲವಲ್ಲ. ನಾಚಿಕೆ ಆಗ್ತಿದೆ.

2-12, ಅರಳಸುರಳಿ

ರಜೆ ಹಾಕಿ ಬಂದೆ. ಬಸ್ಸಿಳಿದ ಕೂಡಲೇ ಒಬ್ಬ ಅಜ್ಜ ಮಾತಾಡಿಸಿದ.

"ಯಾರ ಮನೆಗ್ ಬಂದ್ರಿ?"

ಅವ್ವನ ಮನೆಗೆ ಅಂದೆ.

"ಯಾರು ನಿಮ್ಮವ್ವ?"

ಬಾಯಿಗೆ ಬಂದಿದ್ದು ಒಂದೇ ಹೆಸರು. ಇಲ್ಲಿ ಎಲ್ಲರೂ ಅರಳಸುರಳಿಯವರೇ. ಅಜ್ಜ ಇನ್ನೂ ನಿಂತೇ ಇದ್ದಾನೆ, ನಾನು ನೋಟ್‌ಬುಕ್ ಬಿಚ್ಚಿ ಬರೀತಾ ಕೂತಿದ್ದೀನಿ. ಏನಂತ ಹೇಳಲಿ, ನಮ್ಮವ್ವ —