ನೀವು ಅಳಿಸಿದ ಸಾಲು

ಗುರುವಾರ, ಮಾರ್ಚ್ ೧೨

ಅಪ್ಪನಿಗೆ ನಮಸ್ಕಾರ.

ನಾನು ಆರೋಗ್ಯವಾಗಿದ್ದೇನೆ. ಕ್ಷೇಮ ಸಮಾಚಾರ ಇಷ್ಟೇ, ಉಳಿದದ್ದೆಲ್ಲ ಜಗಳ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ.

ಪಿಎಚ್.ಡಿ.ಗೆ ಮಾರ್ಗದರ್ಶಕರಾಗಿ ಎಂದು ಇಬ್ಬರು ಪ್ರೊಫೆಸರರನ್ನು ಕೇಳುವ ಪತ್ರವನ್ನು, ರಜೆಗೆ ಬಂದಾಗ ನಿಮ್ಮ ಕೈಗೆ ಕೊಟ್ಟೆ. ಮೂವತ್ತು ವರ್ಷದಿಂದ ತಾಲ್ಲೂಕು ಕಚೇರಿ ಗೇಟಿನ ಪಕ್ಕ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುವವರು ನೀವು. ನನಗಿಂತ ಚೆನ್ನಾಗಿ ಮಾಡುತ್ತೀರಿ ಅಂದುಕೊಂಡೆ. ನಿಮ್ಮ ಕಂಪ್ಯೂಟರಿನಿಂದ, ನಿಮ್ಮ ವಿಳಾಸದಿಂದಲೇ ಎರಡೂ ಮೇಲ್ ಹೋದವು.

ನಿನ್ನೆ ಮೊದಲನೆಯ ಪ್ರೊಫೆಸರ್ ಫೋನ್ ಮಾಡಿದ್ದರು. ಸೀಟು ಇದೆ, ಶಿಷ್ಯವೇತನ ಇಲ್ಲ ಅಂದರು. ಇದ್ದ ಒಂದನ್ನು ಕೇಳಿದವರಿಗೆ ಕೊಟ್ಟರಂತೆ. ನಾನೂ ಕೇಳಿದ್ದೆನಲ್ಲ ಸಾರ್ ಅಂದೆ. ಎಲ್ಲಿ ಕೇಳಿದ್ರಿ, ಬೇಡ ಅಂತ ನೀವೇ ಬರೆದಿದ್ರಲ್ಲ ಅಂದರು. ಪತ್ರವನ್ನು ತಿರುಗಿ ನನಗೇ ಕಳಿಸಿದರು. ‘ಶಿಷ್ಯವೇತನ ಸಿಗುವುದೇ, ಎಷ್ಟು ವರ್ಷ?’ ಎಂಬ ನನ್ನ ಸಾಲು ಮಾಯ. ಅದರ ಜಾಗದಲ್ಲಿ, ‘ಸಕಲ ವೆಚ್ಚವನ್ನೂ ನನ್ನ ಕುಟುಂಬವೇ ಭರಿಸುತ್ತದೆ.’

ಯಾವ ಕುಟುಂಬ ಅಪ್ಪಾ? ಅಮ್ಮ ಹೊಲಿಗೆ ಮಿಷನ್ ಮಾರಬೇಕೇ? ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಐದು ವರ್ಷ ಬಗ್ಗಿ ಕೂತು ನಾನು ಮೊಳಕೆ ಎಣಿಸಿದ್ದು ಈ ಓದಿಗಾಗಿ. ಕೆಲಸ ಬಿಟ್ಟು, ವೇತನವೂ ಇಲ್ಲದೆ ಓದುವುದು ಆಗದ ಮಾತು. ಅದು ನಿಮಗೂ ಗೊತ್ತು.

ಅಮ್ಮನನ್ನು ಕೇಳಿದೆ. ಮೊದಲ ಕಾಗದದಲ್ಲೇ ದುಡ್ಡು ಕೇಳಿದ್ರೆ ಮಗಳನ್ನ ಕೀಳಾಗಿ ನೋಡ್ತಾರೆ ಅಂತ ನಿಮ್ಮಪ್ಪ ಅಂದ್ರು ಅಂದಳು. ಊರಿನವರ ಪಿಂಚಣಿ, ಪರಿಹಾರ, ವರ್ಗಾವಣೆ ಎಲ್ಲವನ್ನೂ ಎದೆ ಸೆಟೆಸಿ ಕೇಳುವ ಕೈಗೆ ಸ್ವಂತ ಮಗಳ ವಿಷಯದಲ್ಲಿ ಏನು ಬಡಿದಿತ್ತು? ನಿಮ್ಮ ಮರ್ಯಾದೆ ಉಳಿಯಿತು, ನನ್ನ ಶಿಷ್ಯವೇತನ ಹೋಯಿತು. ಈ ಕೋಪಕ್ಕೆ ಇವತ್ತು ಲ್ಯಾಬಿನಲ್ಲಿ ಎರಡು ಗಾಜಿನ ತಟ್ಟೆ ಒಡೆದೆ. ಬೈಸಿಕೊಂಡದ್ದೂ ಆಯಿತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಸಾಲನ್ನು ನಾನೂ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ಕಳಿಸುವ ಮುಂಚೆ ತೋರಿಸಿ ಅನ್ನಲಿಲ್ಲ. ಅಪ್ಪ ಹೇಗೋ ಕೇಳುತ್ತಾರೆ, ನಾನು ಬಾಯಿ ಬಿಡುವುದು ತಪ್ಪಿತು ಅನ್ನುವ ಸಮಾಧಾನ ನನಗೂ ಇತ್ತು.

ಎರಡನೆಯವರಿಂದ ಇನ್ನೂ ಉತ್ತರ ಬಂದಿಲ್ಲ. ಹಿಂದಿನ ಪತ್ರದ ಆ ಮಾತು ನನ್ನದಲ್ಲ ಎಂದು ನಿನ್ನೆ ನಾನೇ ಆ ಮೇಡಂಗೆ ಬರೆದೆ. ವೇತನವನ್ನು ಮೊದಲ ಸಾಲಿನಲ್ಲೇ ಕೇಳಿದೆ. ಇನ್ನು ಮುಂದೆ ನನ್ನ ಪತ್ರ ಮುಟ್ಟಬೇಡಿ.

ನಿಮ್ಮ ಮೇಲೆ ಸಿಟ್ಟಾಗಿರುವ,
ಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಡಂ ಉತ್ತರ ಬಂತು. ಮೂರು ವರ್ಷ ವೇತನ ಇದೆ. ನನ್ನ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಅವರಿಗೆ ಬರೆಯುವಾಗ ಹೇಗೆ ಶುರು ಮಾಡುವುದೆಂದು ತಿಳಿಯದೆ, ನೀವು ಪ್ರತಿ ಪಿಂಚಣಿ ಅರ್ಜಿಯ ತಲೆಗೆ ಟೈಪ್ ಮಾಡುವ ಸಾಲನ್ನೇ ಇಳಿಸಿದ್ದೆ: ‘ಇದು ದಯೆಯ ಮಾತಲ್ಲ, ದುಡಿಮೆಯ ಮಾತು, ಆದ್ದರಿಂದ ಸಂಕೋಚವಿಲ್ಲದೆ ಕೇಳುತ್ತಿದ್ದೇನೆ.’ ಇಷ್ಟು ನೇರವಾಗಿ ಕೇಳೋದನ್ನ ಯಾರು ಕಲಿಸಿದ್ರು ಅಂತ ಮೇಡಂ ವಿಚಾರಿಸಿದ್ದಾರೆ. ನಾನಿನ್ನೂ ಹೇಳಿಲ್ಲ.