ಮಿಲಿಟರಿ ಕಾಗದದಲ್ಲಿರುವ ಹೆಂಡತಿ

ತಿಪಟೂರು
12-9-2024

ಪ್ರೀತಿಯ ಆಶಾ,

ನೀನು, ಅಳಿಯಂದಿರು, ಮೊಮ್ಮಗಳು ಸ್ಪಂದನ ಎಲ್ಲರೂ ಚೆನ್ನಾಗಿದ್ದೀರೆಂದು ನಿನ್ನೆಯಷ್ಟೇ ಫೋನಿನಲ್ಲಿ ಕೇಳಿದ್ದೇನೆ. ಮತ್ತೆ ಕೇಳುವುದಿಲ್ಲ. ದಿನಾ ಮಾತಾಡುವ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ತೋಟಕ್ಕೆ ಹೋಗಬೇಡಿ ಅಂದರೂ ಹೋಗಿ, ಕಾಯಿ ಕೀಳುವವರಿಗೆ ಕವಾಯತು ಮಾಡಿಸಿ, ಬೈಸಿಕೊಂಡು ಬರುತ್ತಾರೆ.

ಇದನ್ನು ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಗದರುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಆದ್ದರಿಂದ ಕಾಗದ. ಸ್ಕೂಲಿನಲ್ಲಿ ಒಡೆಯಬೇಡ. ಮನೆಗೆ ಹೋಗಿ, ಕಾಫಿ ಕುಡಿದು, ಕೂತು ಓದು.

ಹೋದ ತಿಂಗಳು ನಿಮ್ಮಪ್ಪ ತುಮಕೂರಿನ ಸೈನಿಕರ ಕಚೇರಿಗೆ ಹೋಗಿದ್ದರು. ಅವರ ಸರ್ವಿಸ್ ದಾಖಲೆಯಲ್ಲಿ ಹೆಂಡತಿ ಚಿಕ್ಕಗಂಗಮ್ಮ ಎಂದಿದೆ. ನನ್ನ ಆಧಾರ್ ಕಾರ್ಡಿನಲ್ಲಿ ಧನಲಕ್ಷ್ಮಿ. ಸರಿಮಾಡಿಸದಿದ್ದರೆ ಅವರ ನಂತರ ಪೆನ್ಷನ್ ನನಗೆ ಬರುವುದಿಲ್ಲವಂತೆ. ಪೆನ್ಷನ್ ಹಾಗಿರಲಿ, ತೋಟದ ಕೊಬ್ಬರಿ ನನ್ನ ಹೊಟ್ಟೆಗೆ ಸಾಕು. ಆದರೆ ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಮೇಲೆ, ಈ ಹವಾಲ್ದಾರ್ ಗಂಗಾಧರನ ಹೆಂಡತಿ ಯಾರು ಎಂದು ಸರ್ಕಾರ ಕೇಳಿದರೆ ನನ್ನ ಹೆಸರು ಬರಬೇಕಲ್ಲವೇ?

ನಿನ್ನ ಶಾಲೆಯ ಟಿ.ಸಿ.ಯಲ್ಲೂ ತಾಯಿ ಚಿಕ್ಕಗಂಗಮ್ಮ ಎಂದೇ ಇದೆ. ಯಾಕೆಂದು ನೀನು ಕೇಳಿದಾಗ, ಮನೆಯಲ್ಲಿ ಒಂದು ಹೆಸರು, ಮಿಲಿಟರಿಯಲ್ಲಿ ಒಂದು ಹೆಸರು ಎಂದಿದ್ದೆ. ನೀನು ಮತ್ತೆ ಕೇಳಲಿಲ್ಲ.

ನಿಮ್ಮಪ್ಪನ ಜೊತೆ ಪಲ್ಟನ್ನಿನಲ್ಲಿದ್ದ ಇಮ್ದಾದ್ ಸಾಬರು ಈಗ ಇಂಥ ಕಾಗದಪತ್ರ ಬರೆದುಕೊಡುತ್ತಾರೆ. ಹೋದ ಸೋಮವಾರ ಸ್ಟ್ಯಾಂಪ್ ಪೇಪರ್ ತಂದು ನನ್ನ ಮುಂದಿಟ್ಟರು. "ಚಿಕ್ಕಗಂಗಮ್ಮ, ಧನಲಕ್ಷ್ಮಿ ಇಬ್ರೂ ಒಬ್ರೇ ಅಂತ ಒಂದ್ ಸಹಿ ಹಾಕ್ಬುಡಿ ಅಕ್ಕಾ, ಹದಿನೈದ್ ದಿನದ ಕೆಲ್ಸ" ಅಂದರು. ನಿಮ್ಮಪ್ಪ ಪೆನ್ನು ನನ್ನ ಕೈಗೆ ಕೊಟ್ಟರು. ಕೊಟ್ಟು ಗೋಡೆ ಕಡೆ ನೋಡುತ್ತಾ ನಿಂತರು.

ಬಾಯಲ್ಲಿ ನಲವತ್ತು ವರ್ಷ ಆಡಿದ ಸುಳ್ಳನ್ನು ಬರೆಯುವುದೇನು ಕಷ್ಟ ಅಂದುಕೊಂಡಿದ್ದೆ. ಕೈ ಏಳಲಿಲ್ಲ. ಪೆನ್ನು ಕೆಳಗಿಟ್ಟು ಅಂದೆ: "ಇಬ್ರೂ ಒಬ್ರಲ್ಲ ಕಣಪ್ಪ. ಇಬ್ರೂ ಇಬ್ರೇ."

ಆಶಾ, ಚಿಕ್ಕಗಂಗಮ್ಮ ನನ್ನ ಒಡಹುಟ್ಟಿದ ಅಕ್ಕ. ಮಾಯಸಂದ್ರದ ಹತ್ತಿರ ನಮ್ಮ ತವರಿನ ತೋಟದಲ್ಲಿ, ಬಾವಿಯ ಪಕ್ಕದ ತೆಂಗಿನ ಮರದ ಬುಡದಲ್ಲಿ ಮಣ್ಣಾದವಳು. ಅವಳು ನಿನ್ನ ದೊಡ್ಡಮ್ಮ ಎಂದು ನಿನಗೆ ಹೇಳಿಕೊಂಡು ಬಂದಿದ್ದೇನೆ. ಹೆಸರು ಕೇಳಿದರೆ ದೊಡ್ಡಕ್ಕ ಎನ್ನುತ್ತಿದ್ದೆ. ಅವಳು ನಿನ್ನ ಹೆತ್ತ ತಾಯಿ. ಕಾಮಾಲೆಯಿಂದ ಹೋದಾಗ ನಿನಗೆ ಒಂದೂವರೆ ವರ್ಷ. ನಿಮ್ಮಪ್ಪ ಗಡಿಯಲ್ಲಿದ್ದರು, ಹೆಂಡತಿಗೆ ಕಾಯಿಲೆ ಎಂಬ ತಂತಿ ತಲುಪಿ ಬರುವಷ್ಟರಲ್ಲಿ ತಿಥಿ ಮುಗಿದಿತ್ತು.

ನಾನು ಆಗ ಎಸ್ಸೆಸ್ಸೆಲ್ಸಿ ಪಾಸಾಗಿ, ಟೀಚರ್ ಟ್ರೈನಿಂಗಿಗೆ ಅರ್ಜಿ ಬರೆದಿಟ್ಟಿದ್ದೆ. ಅಕ್ಕ ಹೋದರೆ ತಂಗಿಯನ್ನು ಕೊಡುವುದು ನಮ್ಮ ಕಡೆಯ ಪದ್ಧತಿ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ನೀನು ನನ್ನ ಸೆರಗು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆ. ಅರ್ಜಿ ಅಲ್ಲಿಗೇ ನಿಂತಿತು. ಅದರ ಬಗ್ಗೆ ನನಗೆ ಯಾವ ದುಃಖವೂ ಇಲ್ಲ ಎಂದು ಬರೆಯಬೇಕೆಂದಿದ್ದೆ. ಸ್ವಲ್ಪ ಇತ್ತು. ನಿನಗೆ ಟೀಚರ್ ಕೆಲಸ ಸಿಕ್ಕ ದಿನ ಹೋಯಿತು.

ಮದುವೆಯಾಗಿ ಜಬಲ್‌ಪುರದ ಕ್ವಾರ್ಟರ್ಸಿಗೆ ಹೋದೆವು. ನೀನು ನನ್ನ ಸೊಂಟದ ಮೇಲಿದ್ದೆ. ಗೇಟಿನಲ್ಲಿ ಕಾರ್ಡು ಕೇಳಿದರು. ಅಕ್ಕ ತೀರಿಕೊಂಡಿದ್ದನ್ನಾಗಲಿ, ನಮ್ಮ ಮದುವೆಯನ್ನಾಗಲಿ ನಿಮ್ಮಪ್ಪ ಪಲ್ಟನ್ನಿಗೆ ಇನ್ನೂ ತಿಳಿಸಿರಲಿಲ್ಲ. ಕಾರ್ಡಿನಲ್ಲಿದ್ದ ಹೆಸರನ್ನು ಗೇಟಿನವನು ಕೂಗಿದ, ನಾನು ತಲೆಯಾಡಿಸಿದೆ. ಅವತ್ತು ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದೆ.

ವಾರದೊಳಗೆ ನಿಮ್ಮಪ್ಪ ಎಲ್ಲವನ್ನೂ ಬರೆದುಕೊಂಡು ಆಫೀಸಿಗೆ ಹೊರಟರು. ಬೇಡ ಅಂದವಳು ನಾನೇ. ನಲವತ್ತು ವರ್ಷದಿಂದ, ಹೆಸರು ತಿದ್ದಿಸದಿದ್ದುದು ಅವರ ಸೋಮಾರಿತನ ಎಂದು ಎಲ್ಲರ ಮುಂದೆ ಅವರನ್ನೇ ಬೈದಿದ್ದೇನೆ, ಅವರು ಬೈಸಿಕೊಂಡಿದ್ದಾರೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಂದು ಮಗುವಿತ್ತು. ಅದು ಬಿದ್ದು ಮಂಡಿ ತರಚಿಕೊಂಡರೂ ಹೆಂಗಸರು ಅದರ ಮಲತಾಯಿಯ ಮುಖ ನೋಡುತ್ತಿದ್ದರು. ನೀನು ನನ್ನನ್ನು ಅಮ್ಮಾ ಎಂದು ಕರೆಯಲು ಶುರುಮಾಡಿ ಆಗ ಹದಿನೈದು ದಿನ. ಆ ಕರೆಯನ್ನು ಯಾರೂ ಅನುಮಾನದಿಂದ ಕೇಳಬಾರದು ಎಂದು ಅಕ್ಕನ ಹೆಸರನ್ನು ನಾನು ಇಟ್ಟುಕೊಂಡೆ. ಊರಿಗೆ ಬಂದ ಮೇಲೂ ಯಾರೂ ಬಾಯಿ ಬಿಡದ ಹಾಗೆ ನೋಡಿಕೊಂಡೆ. ನನ್ನೆದುರು ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಿದರೆ ಅಕ್ಕ ಎಂಬುವಳು ಇರಲೇ ಇಲ್ಲ ಎಂದಾಗುತ್ತದೆ. ಅವಳು ಇದ್ದಳು. ನನಗಿಂತ ಚೆನ್ನಾಗಿ ಹಾಡುತ್ತಿದ್ದಳು. ನಿನ್ನ ಹಾಗೆಯೇ ಎಡಗೈಯಲ್ಲಿ ಬಳಪ ಹಿಡಿದು ಏಟು ತಿನ್ನುತ್ತಿದ್ದಳು.

ನಿಜವನ್ನೇ ಬರೆದು ತಿದ್ದಿಸೋಣ ಅಂದೆ. ಇಮ್ದಾದ್ ಸಾಬರು ತಲೆ ಕೆರೆದುಕೊಂಡರು. ಅಕ್ಕನ ಮರಣವನ್ನು ಆಗ ಎಲ್ಲೂ ಬರೆಸಿರಲಿಲ್ಲ, ಕೋರ್ಟಿನಿಂದ ಆದೇಶ ತರಬೇಕಂತೆ. ಅವಳನ್ನು ಮಣ್ಣು ಮಾಡಿ ಅಲ್ಲಿ ಆ ತೆಂಗಿನ ಸಸಿ ನೆಟ್ಟ ತೋಟದಾಳು ಲಕ್ಕಯ್ಯ ಇನ್ನೂ ಇದ್ದಾನೆ, ನಾಳಿದ್ದು ಹೋಗಿ ಅವನ ಹೇಳಿಕೆ ಬರೆಸುತ್ತೇವೆ. ಇನ್ನೊಂದು ಕಾಗದ ಬೇಕು. ಚಿಕ್ಕಗಂಗಮ್ಮ ನನ್ನ ತಾಯಿ, ಅವಳು ತೀರಿಕೊಂಡ ಮೇಲೆ ನನ್ನ ತಂದೆ ಧನಲಕ್ಷ್ಮಿಯನ್ನು ಮದುವೆಯಾದರು ಎಂದು ನೀನು ಸಹಿ ಹಾಕಬೇಕು. ನೀನು ಹಾಕದಿದ್ದರೆ ನನಗೆ ಬೇಸರವಿಲ್ಲ. ಬೇಸರವಾಗುತ್ತದೆ, ಆದರೆ ತೋರಿಸುವುದಿಲ್ಲ. ನಿಮ್ಮಪ್ಪನ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಬೇಡ.

ಕೊನೆಯಲ್ಲಿ ನಾನು ನಿನ್ನ ಏನು ಎಂದು ಬರೆಯಬೇಕೋ ತಿಳಿಯುತ್ತಿಲ್ಲ. ಹೆಸರು ಬರೆದಿದ್ದೇನೆ.

ಇಂತಿ,
ಧನಲಕ್ಷ್ಮಿ

ತಾ. ಕ. (14-9-2024): ಇದನ್ನು ಅಂಚೆ ಡಬ್ಬಕ್ಕೆ ಹಾಕದೆ ಎರಡು ದಿನ ಇಟ್ಟುಕೊಂಡಿದ್ದೆ. ಇವತ್ತು ಲಕ್ಕಯ್ಯನ ಹೇಳಿಕೆ ಬರೆಸಲು ಹೋಗಿದ್ದೆವು. ಅಕ್ಕನ ಮರದ ಬುಡದಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಕೆಲವು ಮಣ್ಣಿನಲ್ಲಿ ಹೂತಿದ್ದವು, ಕೆಲವು ಹೊಸವು. ಯಾರು ಇಟ್ಟದ್ದು ಎಂದು ಗದರಿದೆ. ಲಕ್ಕಯ್ಯ ತಡವರಿಸಿ, ಕೊನೆಗೆ ಹೇಳಿದ: "ಆಶವ್ವ ಕಣವ್ವ. ಕಾಲೇಜ್ಗೆ ಹೋಗ್ತಿದ್ದಾಗ್ಲಿಂದ, ವರ್ಸ ವರ್ಸ ಹಿರಿಯರ ಹಬ್ಬದ ಮುಂಚೆ ಬತ್ತದೆ. ಬಳೆ ಇಕ್ಕಿ, ಒಂದ್ ತಂಬ್ಗೆ ನೀರು ಹುಯ್ದು ಹೋಯ್ತದೆ. ಅಮ್ಮಂಗೆ ಹೇಳ್ಬ್ಯಾಡ ಕಣಜ್ಜ, ನೊಂದ್ಕೊಂಬುಡ್ತಾರೆ ಅಂತ ನನ್ ಕೈಲಿ ಆಣೆ ಮಾಡಿಸ್ಕಂಡದೆ."

"ಅವಳಿಗೆ ಯಾರು ಹೇಳಿದ್ರು?" ಅಂದೆ. "ಊರ್ಗೆಲ್ಲ ಗೊತ್ತಿರೋದ್ನ ಯಾರ್ ಹೇಳ್ಬೇಕವ್ವ? ನಿನ್ ಹೆದ್ರಿಕೆಗೆ ನಿನ್ ಮುಂದೆ ಆಡಲ್ಲ, ಅಷ್ಟೆಯ" ಅಂದ. ನಿಮ್ಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ನಕ್ಕರು. ಅವರಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಹಬ್ಬಕ್ಕೆ ಒಂದು ದಿನ ಮುಂಚೆಯೇ ಬಾ. ಹಿರಿಯರ ಎಡೆಗೆ ಅಕ್ಕನ ಸೀರೆಯನ್ನು ಈ ಸಲ ನೀನು ಇಡು. ಸಹಿ ಆಮೇಲೆ ಹಾಕುವೆಯಂತೆ. ತಾಯಿ ಎಂದು ಇರುವ ಕಡೆ ಅವಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರಿ, ನಡುವೆ ನಿಲ್ಲಿಸಿ ನನ್ನ ಮುಖ ನೋಡಬೇಡ. ಅದು ಅವಳಿಗೆ ಸೇರಿದ್ದು.

ಮೇಲೆ ಬರೀ ಹೆಸರು ಬರೆದುಬಿಟ್ಟಿದ್ದೇನೆ. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ. ಇಲ್ಲೇ ಬರೆಯುತ್ತೇನೆ.

ಅಮ್ಮ